ಪರಿಚಯದ ಸಹಿ

ಊರಿನಲ್ಲಿ ಬೆಕ್ಕನ್ನು ಯಾರೂ ತರುವುದಿಲ್ಲ, ಅದು ತಾನಾಗಿ ಬರುತ್ತದೆ. ಬಂದದ್ದು ಮೊದಲೇ ಇದ್ದ ಬೆಕ್ಕಿನೊಂದಿಗೆ ಹೇಗೆ ಹೊಂದಿಕೊಂಡಿತು ಎಂದು ಯಾರೂ ವಿಚಾರಿಸುವುದೂ ಇಲ್ಲ. ಹಿತ್ತಲಿದೆ, ದನದ ಕೊಟ್ಟಿಗೆಯಿದೆ, ಬಣವೆಯಿದೆ, ಅಟ್ಟವಿದೆ. ಎರಡು ರಾತ್ರಿ ಜಗಳ ಕೇಳಿಸುತ್ತದೆ. ಮೂರನೆಯ ದಿನ ಒಂದು ಒಲೆಯ ಹತ್ತಿರ, ಇನ್ನೊಂದು ಮಾಳಿಗೆಯ ಮೇಲೆ. ನ್ಯಾಯ ತೀರ್ಮಾನವಾಯಿತು. ಹೀಗಿರುವಾಗ ಡೊಂಬಿವಲಿಯ ನಮ್ಮ ಫ್ಲ್ಯಾಟಿನಲ್ಲಿ ಒಂದು ಮರಿಯನ್ನು ಹಳೆಯ ಬೆಕ್ಕಿಗೆ ಪರಿಚಯಿಸಲು ಏಳು ವಾರ ಹಿಡಿಯಿತು ಎಂದರೆ ಊರಿನ ಓದುಗರಿಗೆ ನಗು ಬಂದೀತು. ನಗಲಿ. ಆದರೆ ಊರಿನಲ್ಲಿ ನಮ್ಮ ಪರವಾಗಿ ನ್ಯಾಯ ಮಾಡುತ್ತಿದ್ದದ್ದು ಆ ಹಿತ್ತಲೇ ಹೊರತು ನಾವಲ್ಲ. ನಾನೂರೈವತ್ತು ಚದರಡಿಯ ಮನೆಗೆ ಹಿತ್ತಲಿರುವುದಿಲ್ಲ. ಆ ಕೆಲಸವನ್ನು ಇಲ್ಲಿ ಮನುಷ್ಯರೇ ಮಾಡಬೇಕು.

ನಮ್ಮ ಹಳೆಯ ಬೆಕ್ಕಿನ ಹೆಸರು ಮನಿ. ಮರಾಠಿ ಮನೆಗಳಲ್ಲಿ ಸಾಕಿದ ಬೆಕ್ಕಿಗೆ ಅದು ರೂಢಿಯ ಹೆಸರು, ಪಕ್ಕದ ಮನೆಯ ಕಾಕೂ ಇಟ್ಟದ್ದು. ಧಾರವಾಡ ಕಡೆಯ ನಮ್ಮ ಕಿವಿಗೆ ಮಾತ್ರ ಮನಿ ಅಂದರೆ ಮನೆಯೇ. ಹೆಸರು ಸರಿಯಾಗಿಯೇ ಬಿದ್ದಿತ್ತು ಅನ್ನಬೇಕು. ಒಂಬತ್ತು ವರ್ಷದಿಂದ ಬಾಗಿಲ ಚೌಕಟ್ಟು, ಸೋಫಾದ ಕಾಲು, ನನ್ನ ಕುರ್ಚಿಯ ಅಂಚು ಎಲ್ಲಕ್ಕೂ ಕೆನ್ನೆ ಉಜ್ಜಿ ತನ್ನ ವಾಸನೆಯ ಮುದ್ರೆ ಒತ್ತಿಟ್ಟಿದೆ. ಬೆಕ್ಕಿನ ಮೂಲಪುರುಷ ಆಫ್ರಿಕದ ಕಾಡುಬೆಕ್ಕು, ಒಂಟಿಯಾಗಿ ಬೇಟೆಯಾಡಿ ಬದುಕುವ ಪ್ರಾಣಿ. ಅದರ ವಂಶದವರಿಗೆ ತಮ್ಮ ಜಾಗ ಅಂದರೆ ಬರೀ ಮಲಗುವ ಜಾಗವಲ್ಲ, ಜೀವನದ ಭದ್ರತೆ.

ಕಳೆದ ಜುಲೈಯ ಮಳೆಯಲ್ಲಿ ಕಟ್ಟಡದ ಕೆಳಗೆ ನಿಂತಿದ್ದ ಸ್ಕೂಟರಿನ ಅಡಿಯಿಂದ ನನ್ನ ಹೆಂಡತಿ ಒಂದು ಕಪ್ಪು ಮರಿಯನ್ನು ಸೆರಗಿನಲ್ಲಿ ಸುತ್ತಿ ತಂದಳು. "ಮಳಿ ಹಿಂಗ ಹೊಡೀಲಿಕ್ಹತ್ತೇದ, ಅದಕ್ಕ ಯಾರಿದ್ದಾರ್ರೀ ಪಾಪ?" ಈ ಮಾತಿಗೆ ಯಾರ ಹತ್ತಿರವೂ ಉತ್ತರವಿಲ್ಲ. ಆದರೆ ಮೂವತ್ತಾರು ವರ್ಷ ಲೆಡ್ಜರ್ ನೋಡಿದ ಮನುಷ್ಯನಿಗೆ ಜಮೆ ಕಂಡ ಕೂಡಲೇ ಖರ್ಚು ಯಾವ ಖಾತೆಗೆ ಬಿತ್ತು ಎಂದು ಹುಡುಕುವ ಚಟ. ಕರಿಯನ ಮೇಲಿನ ನಮ್ಮ ದಯೆ ಬಿದ್ದದ್ದು ಮನಿಯ ಖಾತೆಗೆ. ಜಾಗ ಅದರದು, ನೆಮ್ಮದಿ ಅದರದು. ಪುಣ್ಯ ಮಾತ್ರ ನಮ್ಮದು. ಖಾತೆದಾರರ ಒಪ್ಪಿಗೆ ಕೇಳದೆ ಮಾಡಿದ ದಾನ ದಾನವೇ?

ಸ್ನೇಹಿತರು ಎರಡು ಸಮಾಧಾನ ಹೇಳಿದರು. ಒಬ್ಬರು, "ಬಿಟ್ಟುಬಿಡಿ, ಜಗಳಾಡಿ ತಾವೇ ಸರಿ ಹೋಗ್ತವೆ" ಅಂದರು. ಹಿತ್ತಲಿದ್ದವರ ಮಾತು ಅದು. ಸೋತದ್ದು ಓಡಿಹೋಗಲು ದಾರಿ ಇರುವಲ್ಲಿ ಜಗಳ ಮುಗಿಯುತ್ತದೆ, ಬಾಗಿಲು ಹಾಕಿದ ಮನೆಯಲ್ಲಿ ಸೋತದ್ದು ಕಪಾಟಿನ ಹಿಂದೆ ತಿಂಗಳುಗಟ್ಟಲೆ ಅಡಗಿರುತ್ತದೆ. ಇನ್ನೊಬ್ಬರು, "ಒಳ್ಳೇದಾಯ್ತು, ಮನಿಗೆ ಜೊತೆ ಸಿಕ್ಕಿತು" ಅಂದರು. ಜೊತೆ ಬೇಕೆಂದು ಮನಿ ಎಂದೂ ಹೇಳಿರಲಿಲ್ಲ. ಮಕ್ಕಳು ಬೇರೆ ಊರು ಸೇರಿದ ಮನೆಗಳಲ್ಲಿ ಬೆಕ್ಕಿಗೆ ಒಂಟಿತನ ಅನ್ನುವ ಮಾತು ಜಾಸ್ತಿ ಕೇಳಿಬರುತ್ತದೆ, ನೀವೂ ಗಮನಿಸಿರಬಹುದು.

ಪಶುವೈದ್ಯರು ಮೊದಲು ಮರಿಯನ್ನು ಮಲಗುವ ಕೋಣೆಯಲ್ಲಿ ಬೇರೆ ಇಡಲು ಹೇಳಿದರು. ಪ್ಯಾನ್‌ಲ್ಯುಕೊಪೇನಿಯದಂಥ ರೋಗ ಒಂದು ಬೆಕ್ಕಿನಿಂದ ಇನ್ನೊಂದಕ್ಕೆ ಬೇಗ ಹರಡುತ್ತದೆ, ತಪಾಸಣೆ ಮತ್ತು ಲಸಿಕೆ ಮೊದಲು. ಆ ಎರಡು ದಿನ ಮನಿ ಮುಚ್ಚಿದ ಬಾಗಿಲಿನ ಸಂದಿಗೆ ಮೂಗಿಟ್ಟು ಕೂತಿತು, ಊಟ ಬಿಟ್ಟಿತು. ಬೆಕ್ಕು ಕೆಲವೇ ದಿನ ಉಣ್ಣದಿದ್ದರೂ ಅದರ ಪಿತ್ತಜನಕಾಂಗ ಕೆಡುವ ಅಪಾಯವಿದೆ, ಇದು ರುಸುವೆಂದು ನಗುವ ವಿಷಯವಲ್ಲ. ಮನಿ ಇನ್ನೊಂದು ದಿನ ಹೀಗೇ ಇದ್ದರೆ ಕರಿಯನಿಗೆ ಬೇರೆ ಮನೆ ನೋಡಬೇಕು ಎಂದೆ. "ಸಿಗಲಿಲ್ಲಂದ್ರ? ಮತ್ತ ಮಳ್ಯಾಗ ಬಿಡೋದೇನ್ರೀ?" ಎಂದಳು ಅವಳು. ಒಳಗೆ ಕರೆದ ಮೇಲೆ ಕರಿಯನಿಗೂ ಒಂದು ಮಾತು ಕೊಟ್ಟ ಹಾಗಾಗಿತ್ತು. ಆ ರಾತ್ರಿ ನಮ್ಮಿಬ್ಬರಿಗೂ ನಿದ್ದೆ ಬರಲಿಲ್ಲ. ಮೂರನೆಯ ಬೆಳಿಗ್ಗೆ ಮನಿ ಅರ್ಧ ಡಬ್ಬಿ ಮೀನು ತಿಂದಿತು. (ನಾವು ಶಾಕಾಹಾರಿಗಳು. ಮನೆಯಲ್ಲಿ ಮನಿಗೆ ಮಾತ್ರ ವಿನಾಯಿತಿ.)

ಈ ಗೊಂದಲದಲ್ಲಿ ನನಗೆ ನೆನಪಾದದ್ದು ಬ್ಯಾಂಕಿನ ಒಂದು ಹಳೆಯ ಪದ್ಧತಿ. ಇಂದಿನ ಕೆವೈಸಿ ನಿಯಮಗಳು ಬರುವ ಮೊದಲು ಖಾತೆ ತೆರೆಯಲು ಪರಿಚಯಸ್ಥರ ಸಹಿ ಬೇಕಿತ್ತು. ಈಗಾಗಲೇ ಖಾತೆಯಿದ್ದ ಒಬ್ಬರು "ಇವರನ್ನು ನಾನು ಇಷ್ಟು ಕಾಲದಿಂದ ಬಲ್ಲೆ" ಎಂದು ಬರೆದುಕೊಡಬೇಕು. ಸರಿಯಾದ ಪರಿಚಯವಿಲ್ಲದೆ ಖಾತೆ ತೆರೆದರೆ ಅದು ಬ್ಯಾಂಕಿನ ಅಲಕ್ಷ್ಯವಾಗಿ, 1881ರ ನೆಗೋಷಿಯೆಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 131ನೇ ಕಲಮಿನ ರಕ್ಷಣೆ ತಪ್ಪಿಹೋಗುವ ಭಯ. ಆದರೆ ಊರಿನಿಂದ ಮೊನ್ನೆ ಬಂದಿಳಿದ ಹುಡುಗನಿಗೆ ಈ ಮುಂಬಯಿಯಲ್ಲಿ ಪರಿಚಯಸ್ಥರು ಎಲ್ಲಿಂದ ಬರಬೇಕು?

1986ರ ಸುಮಾರಿಗೆ ನಾನು ಫೋರ್ಟ್ ಭಾಗದ ಒಂದು ಶಾಖೆಯಲ್ಲಿದ್ದೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಓದುವ ಹುಡುಗರನ್ನು ಅಲ್ಲಿಯ ಮೇಷ್ಟ್ರೊಬ್ಬರು ಕರೆತರುತ್ತಿದ್ದರು. ಎಲ್ಲರ ಫಾರಮಿಗೂ ಅವರದೇ ಸಹಿ. ಒಮ್ಮೆ ನಾನು, "ಇಷ್ಟು ಜನಕ್ಕೆ ಸಹಿ ಮಾಡ್ತೀರಲ್ಲ ಮೇಷ್ಟ್ರೇ, ಒಬ್ಬ ಮೋಸ ಮಾಡಿದರೆ?" ಎಂದೆ. "ಮಾಡಿದ್ರೆ ನನ್ನ ಮನೆಗೆ ಬನ್ನಿ. ಅದಕ್ಕೇ ಅಲ್ವಾ ವಿಳಾಸ ಬರೆದದ್ದು" ಎಂದರು.

ಆ ಸಹಿ ಜಾಮೀನಲ್ಲ, ಅದರಿಂದ ಒಂದು ರೂಪಾಯಿಯ ಹೊಣೆಯೂ ಬರುವುದಿಲ್ಲ. ಆದರೂ ತೊಂದರೆಯಾದರೆ ಮೊದಲು ಬಡಿಯುವ ಬಾಗಿಲು ತನ್ನದಾಗಿರಲಿ ಎಂದು ಒಪ್ಪಿಕೊಳ್ಳುವುದಿದೆಯಲ್ಲ, ಪರಿಚಯ ಮಾಡಿಕೊಡುವುದು ಅಂದರೆ ಅದು. ಒಳಗಿದ್ದವರ ಸಿಟ್ಟಿಗೂ ಬಂದವರ ಭಯಕ್ಕೂ ನಡುವೆ ನಿಂತವನ ಮೇಲೆ ಹೊಣೆ. ಬೇಡವೆನ್ನುವ ಅಧಿಕಾರವನ್ನು ಮನಿಗೆ ಪೂರ್ತಿಯಾಗಿ ಕೊಡಲು ನನಗೆ ಮನಸ್ಸಿಲ್ಲ. ಮಳೆಯಲ್ಲಿ ಇನ್ನೊಂದು ಜೀವ ನೆನೆಯುತ್ತಿರುವಾಗ ಮೊದಲು ಬಂದವರಿಗೆ ಅಷ್ಟು ಹಕ್ಕಿಲ್ಲ. ಆದರೆ ಸಮಯ ಕೇಳುವ ಹಕ್ಕು ಇದೆ. ಆ ಸಮಯದ ಖರ್ಚು ತಂದವರದು.

ಹಾಗಾಗಿ ಕರಿಯನ ಕೆನ್ನೆಗೆ ಉಜ್ಜಿದ ಬಟ್ಟೆಯನ್ನು ಮನಿಯ ಹತ್ತಿರ, ಮನಿಯದನ್ನು ಕರಿಯನ ಹತ್ತಿರ ಇಟ್ಟೆವು. ಮುಚ್ಚಿದ ಬಾಗಿಲಿನ ಎರಡೂ ಕಡೆ ಊಟದ ಬಟ್ಟಲು, ದಿನಕ್ಕೆ ನಾಲ್ಕು ಬೆರಳು ಹತ್ತಿರ. ಆಚೆಯ ವಾಸನೆ ಬಂದಾಗಲೆಲ್ಲ ಊಟವೂ ಬರುತ್ತದೆ ಎಂದು ಎರಡಕ್ಕೂ ರೂಢಿಯಾಗಬೇಕು. ಆಮೇಲೆ ಬಾಗಿಲು ಸಂದಿಯಷ್ಟು ತೆರೆದು ಮುಖದರ್ಶನ. ನಂತರ ಹತ್ತು ನಿಮಿಷದ ಭೇಟಿ, ನಾವಿಬ್ಬರೂ ಹಾಜರ್. ಮನಿ ಬುಸ್ಸೆಂದಾಗ ಗದರಲಿಲ್ಲ. ಬುಸ್ಸೆನ್ನುವುದು ಹೊಡೆತವಲ್ಲ, ದೂರ ಇರು ಎನ್ನುವ ಮಾತು; ಆ ಮಾತನ್ನೂ ಕಿತ್ತುಕೊಂಡರೆ ಉಳಿಯುವುದು ಉಗುರು. ಊಟ ಯಾವತ್ತೂ ಮೊದಲು ಮನಿಗೆ. ಇದು ಪಕ್ಷಪಾತವೆಂದು ನನ್ನ ಹೆಂಡತಿಯ ತಕರಾರು ಈಗಲೂ ಇದೆ. ಇಬ್ಬರಿಗೂ ಸಮನಾಗಿ ಹಂಚಿದರೆ ಒಬ್ಬರಿಗೆ ಎಲ್ಲ ಲಾಭ, ಇನ್ನೊಬ್ಬರಿಗೆ ಅರ್ಧ ನಷ್ಟ ಎಂಬುದು ನನ್ನ ಲೆಕ್ಕ. ಅವಳು ಒಪ್ಪಿಲ್ಲ.

ಬೆಕ್ಕಿನ ಕಥೆಯಲ್ಲಿ ಊರು ಬಿಟ್ಟವರ ಕಥೆ ನಿಮಗೆ ಆಗಲೇ ಕಂಡಿರುತ್ತದೆ. 1966ರಲ್ಲಿ ಶಿವಸೇನೆ ಹುಟ್ಟಿದ ಹೊಸತರಲ್ಲಿ ಇಲ್ಲಿ ದಕ್ಷಿಣದವರ ವಿರುದ್ಧ ಎದ್ದ ಕೂಗನ್ನು, ಉಡುಪಿ ಹೋಟೆಲುಗಳಿಗೆ ಬಿದ್ದ ಕಲ್ಲನ್ನು ಹಿರಿಯರು ಹೇಳುವುದನ್ನು ಕೇಳಿದ್ದೇನೆ. ಆದರೆ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ಕರಿಯ ಯಾಕೆ ಬಂದ ಎಂದು ಮನಿಗೆ ತಿಳಿಸಿ ಹೇಳಲು ಭಾಷೆಯಿಲ್ಲ, ಅದರ ಬುಸುಗುಟ್ಟುವಿಕೆಗೆ ಕ್ಷಮೆ ಇದೆ. ಮನುಷ್ಯನಿಗೆ ಹೇಳಬಹುದು, ಅವನು ಕೇಳಬಹುದು. "ನೆಲೆ ಕಾಯುವುದು ಪ್ರಕೃತಿ ಧರ್ಮ, ನಾವೂ ಪ್ರಾಣಿಗಳೇ" ಎನ್ನುವವರು ರೇಶನ್ ಕಾರ್ಡಿನ ಸಾಲಿನಲ್ಲಿ ಮಾತ್ರ ಪ್ರಾಣಿಗಳಾಗಿರುವುದಿಲ್ಲ. ಇನ್ನು ಬೆಳಗಿನ ಲೋಕಲ್‌ನಲ್ಲಿ, "ಹೊರಗಿನವರು ಬಂದೂ ಬಂದೂ ಡೊಂಬಿವಲಿ ಕೆಟ್ಟುಹೋಯ್ತು ನೋಡಿ" ಎನ್ನುವುದನ್ನು ನಾನು ಅಚ್ಚ ಕನ್ನಡದಲ್ಲೇ ಕೇಳಿದ್ದೇನೆ. ಹೇಳಿದವರು ಇಲ್ಲಿಗೆ ಬಂದದ್ದು ನನಗಿಂತ ಎರಡು ವರ್ಷ ಮೊದಲು.

ಈಗ ಸೋಫಾದ ಒಂದು ತುದಿ ಮನಿಯದು, ಇನ್ನೊಂದು ಕರಿಯನದು, ನಡುವೆ ಒಂದು ಮೊಳ ಖಾಲಿ. ಸ್ನೇಹ ಅನ್ನಲಾರೆ. ಕಿಟಕಿಯ ಕಟ್ಟೆಯನ್ನು ಮನಿ ಬಿಟ್ಟುಕೊಟ್ಟಿಲ್ಲ, ಕರಿಯ ಕೇಳಿಯೂ ಇಲ್ಲ. ಬೆಕ್ಕುಗಳ ಸಂಖ್ಯೆಗಿಂತ ಮರಳಿನ ತಟ್ಟೆ ಒಂದು ಹೆಚ್ಚಿರಬೇಕು ಎಂದು ವೈದ್ಯರು ಹೇಳಿದ್ದರಿಂದ ಮನೆಯಲ್ಲಿ ಮೂರು ತಟ್ಟೆಗಳಿವೆ. ಬೆಳಿಗ್ಗೆ ಆರಕ್ಕೆ ಮೂರನ್ನೂ ತೊಳೆಯುವ ಪಾಳಿ ನನ್ನದು.