ಒಮ್ಮೆ ಮೈನಸ್ ಕ್ಯೂ ಹಾಕಿ ನೋಡಿ

ಪುಣೆಯ ನಮ್ಮ ಆಫೀಸಿನಲ್ಲಿ ಸೋಮವಾರ ಬೆಳಿಗ್ಗೆ ಎಂಟು ಜನ ಒಂದು ಮೇಜಿನ ಸುತ್ತ ಕೂರುತ್ತೇವೆ. ಕಳೆದ ಮಳೆಗಾಲದ ಒಂದು ಸೋಮವಾರ, ತಂಡಕ್ಕೆ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳನ್ನು ನಾನು ಅಲ್ಲಿ ಎಲ್ಲರೆದುರು ಗದರಿದೆ. ಅವಳು ಕಳಿಸಿದ ಮೇಕ್‌ಫೈಲನ್ನು ತೆರೆದು, ಒಂದು ಫೋಲ್ಡರಿನ ಹೆಸರು ಬದಲಿಸಿ ಸೇವ್ ಮಾಡಿದ್ದೆ, ಅಷ್ಟೇ. ಓಡಿಸಿದರೆ ‘ಮಿಸ್ಸಿಂಗ್ ಸೆಪರೇಟರ್’ ಎಂದು ನಿಂತುಬಿಡುತ್ತಿತ್ತು. “ಕಳಿಸುವ ಮೊದಲು ಒಮ್ಮೆಯಾದರೂ ಓಡಿಸಿ ನೋಡಬಾರದಾ?” ಎಂದೆ. ಅವಳು ತಲೆ ತಗ್ಗಿಸಿದಳು.

ಮಧ್ಯಾಹ್ನ ನನ್ನ ಮೇಜಿನ ಬಳಿ ಬಂದು ಹಿಂದಿಯಲ್ಲಿ ಮೆಲ್ಲಗೆ ಕೇಳಿದಳು: “ಸರ್, ಒಮ್ಮೆ ಮೈನಸ್ ಕ್ಯೂ ಹಾಕಿ ತೆರೆದು ನೋಡ್ತೀರಾ?”

ನಾನು ಬಳಸುವ ಎಡಿಟರ್ ಈಮ್ಯಾಕ್ಸ್. 1976ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ಹಳೆಯ ಜೀವ. ತೆರೆದುಕೊಳ್ಳುವಾಗ ಅದು ಬಳಸುವವನ ಸ್ವಂತ ಸೆಟ್ಟಿಂಗುಗಳ ಫೈಲನ್ನು ಓದಿಕೊಳ್ಳುತ್ತದೆ. ನನ್ನ ಫೈಲು ಹದಿನೈದು ವರ್ಷಗಳಲ್ಲಿ ಸಾವಿರ ಸಾಲು ದಾಟಿದೆ. ‘ಮೈನಸ್ ಕ್ಯೂ’ ಎಂದು ಸೇರಿಸಿ ಶುರುಮಾಡಿದರೆ ಅದರ ಒಂದು ಸಾಲನ್ನೂ ಓದದೆ, ನನ್ನ ಪರಿಚಯವೇ ಇಲ್ಲದಂತೆ ತೆರೆದುಕೊಳ್ಳುತ್ತದೆ. ಈಮ್ಯಾಕ್ಸಿನಲ್ಲಿ ದೋಷವಿದೆ ಎಂದು ದೂರುವವರಿಗೆ ಅದರ ಕೈಪಿಡಿ ಹೇಳುವುದೂ ಇದನ್ನೇ: ಮೊದಲು ನಿಮ್ಮ ಸೆಟ್ಟಿಂಗ್ ಬಿಟ್ಟು ನೋಡಿ, ಆಗಲೂ ದೋಷ ಕಾಣುತ್ತದೆಯೇ?

ಅವಳ ಫೈಲನ್ನು ಹೊಸದಾಗಿ ತಂದು, ಹಾಗೆ ತೆರೆದು, ಅದೇ ಬದಲಾವಣೆ ಮಾಡಿದೆ. ಸಲೀಸಾಗಿ ಓಡಿತು.

ಹುಡುಕಿದಾಗ ಕಳ್ಳ ಸಿಕ್ಕಿದ. ಫೈಲ್ ಸೇವ್ ಆಗುವಾಗಲೆಲ್ಲ ಟ್ಯಾಬುಗಳನ್ನು ಸ್ಪೇಸುಗಳನ್ನಾಗಿ ಮಾಡುವ ಒಂದು ಸಾಲು. ಮೇಕ್‌ಫೈಲಿನಲ್ಲಿ ಆಜ್ಞೆಯ ಸಾಲು ಟ್ಯಾಬಿನಿಂದಲೇ ಆರಂಭವಾಗಬೇಕು. ಸ್ಪೇಸ್ ಇದ್ದರೆ ಅದು ಒಪ್ಪುವುದಿಲ್ಲ. ಆ ಸಾಲು ಬರೆದವನು ನಾನೇ, 2011ರಲ್ಲಿ. ಅಂದಿನ ಮ್ಯಾನೇಜರಿಗೆ ಟ್ಯಾಬ್ ಕಂಡರೆ ಆಗುತ್ತಿರಲಿಲ್ಲ. ಆ ಆಫೀಸು ಬಿಟ್ಟು ಎಷ್ಟೋ ವರ್ಷವಾಯಿತು. ಸಾಲು ಮಾತ್ರ ಸದ್ದಿಲ್ಲದೆ ಕೆಲಸ ಮಾಡುತ್ತಲೇ ಇತ್ತು.

ನನ್ನ ಎಷ್ಟು ಅಭಿಪ್ರಾಯಗಳು ಇಂಥ ಸಾಲುಗಳು? ಪುಣೆಗೆ ಬಂದ ಹೊಸತರಲ್ಲಿ ನಯವಾಗಿ ಮಾತಾಡುತ್ತಿದ್ದ ಮನೆಮಾಲೀಕನೊಬ್ಬ ನನ್ನ ಡಿಪಾಸಿಟ್ ನುಂಗಿದ. ಅಂದಿನಿಂದ ನಯವಾಗಿ ಮಾತಾಡುವವರನ್ನೆಲ್ಲ ಅನುಮಾನಿಸುತ್ತೇನೆ. ಪೂರ್ವಗ್ರಹ ಎಂದರೆ ಮೂರ್ಖತನ ಎಂದುಕೊಂಡಿದ್ದೆ. ಹಾಗಲ್ಲ. ಅದು ಒಂದು ಕಾಲದ ನಿಜವಾದ ಕಷ್ಟಕ್ಕೆ ಕಂಡುಕೊಂಡ ಪರಿಹಾರ. ಕಷ್ಟ ಹೋಯಿತು, ಪರಿಹಾರ ಉಳಿಯಿತು. ಈಗ ಅದೇ ಇನ್ನೊಬ್ಬರಿಗೆ ಕಷ್ಟ.

ಹಾಗಾದರೆ ಎಲ್ಲವನ್ನೂ ಅಳಿಸಿ ನಿರ್ಮಲವಾಗಿ ಬದುಕಬಹುದೇ? ನನಗೆ ನಂಬಿಕೆಯಿಲ್ಲ. ಮೈನಸ್ ಕ್ಯೂ ಕೂಡ ನಿರ್ಮಲವಲ್ಲ. ಅಲ್ಲಿಯೂ ಕತ್ತರಿಸುವುದಕ್ಕೆ ‘ಕಿಲ್’, ಅಂಟಿಸುವುದಕ್ಕೆ ‘ಯಾಂಕ್’ ಎಂಬ ಹಳೆಯ ಮಾತುಗಳೇ. ಕೈಪಿಡಿ ‘ಮೆಟಾ’ ಕೀಲಿ ಒತ್ತಿ ಎನ್ನುತ್ತದೆ. ಅದು ಹಿಂದಿನ ಪ್ರಯೋಗಾಲಯಗಳ ಕೀಬೋರ್ಡಿನಲ್ಲಿದ್ದ ಕೀಲಿ, ನಾವು ಅದರ ಬದಲು ಆಲ್ಟ್ ಒತ್ತುತ್ತೇವೆ. ಯಾರ ಸೆಟ್ಟಿಂಗೂ ಅಲ್ಲದ್ದು ಎಂದು ಕಾಣುವುದು ನಮಗಿಂತ ಮೊದಲಿನವರ ಸೆಟ್ಟಿಂಗು, ಅಷ್ಟೇ.

ಇನ್ನೊಂದು ಮಾತು. ಅಂದು ಮೈನಸ್ ಕ್ಯೂನಲ್ಲಿ ಅಭ್ಯಾಸಬಲದಿಂದ ಕನ್ನಡ ಬರೆಯಲು ಹೋದೆ, ಬರಲಿಲ್ಲ. ಕನ್ನಡ ಕೀಲಿವಿನ್ಯಾಸ ಈಮ್ಯಾಕ್ಸಿನೊಳಗೇ ಇದೆ, ಆದರೆ ಬೇಕು ಎಂದು ನಾವು ಕೇಳಬೇಕು. ಊರು ಬಿಟ್ಟು ಬಂದವರ ಕನ್ನಡವೂ ಹಾಗೆಯೇ: ತಾನಾಗಿ ಬರುವುದಿಲ್ಲ, ದಿನವೂ ಆರಿಸಿಕೊಳ್ಳಬೇಕು. ಆ ಸಾಲನ್ನು ನಾನು ಅಳಿಸಲಾರೆ.

ಆದ್ದರಿಂದ ಮೈನಸ್ ಕ್ಯೂ ವಾಸಕ್ಕೆ ಅಲ್ಲ, ಪರೀಕ್ಷೆಗೆ. ಬೆರಳು ತೋರಿಸುವ ಮುಂಚೆ ಐದು ನಿಮಿಷ ನನ್ನನ್ನು ಬಿಟ್ಟು ನೋಡುವುದು. ಅಷ್ಟು ಮಾಡಿದ್ದರೆ ಆ ಸೋಮವಾರ ಬೇರೆಯಾಗಿರುತ್ತಿತ್ತು.

ಮಧ್ಯಾಹ್ನವೇ ಅವಳಿಗೆ “ಸಾರಿ” ಎಂದಿದ್ದೆ. ಅವಳು “ಪರವಾಗಿಲ್ಲ ಸರ್” ಎಂದಳು. ಮನಸ್ಸಿಗೆ ಸಮಾಧಾನವಾಗಲಿಲ್ಲ. ಎಂಟು ಜನರ ಮುಂದೆ ಬೈದು ಒಬ್ಬಳ ಕಿವಿಯಲ್ಲಿ ಕ್ಷಮೆ ಕೇಳಿದರೆ ಲೆಕ್ಕ ಸರಿಹೋಗುತ್ತದೆಯೇ? ಮುಂದಿನ ಸೋಮವಾರ ಅದೇ ಮೇಜಿನಲ್ಲಿ ತಪ್ಪು ನನ್ನದೆಂದು ಹೇಳಿದೆ. ಹೇಳುವಾಗ ಗಂಟಲು ಒಣಗಿತ್ತು.

2011ರ ಸಾಲನ್ನು ತೆಗೆದೆ. ಉಳಿದವುಗಳ ಪಕ್ಕ, ಯಾವಾಗ, ಯಾಕೆ ಬರೆದೆ ಎಂದು ಒಂದೊಂದಾಗಿ ಗುರುತು ಹಾಕುತ್ತಿದ್ದೇನೆ. ಎಷ್ಟೋ ಸಾಲುಗಳಿಗೆ ಕಾರಣ ನೆನಪಾಗುತ್ತಿಲ್ಲ.