ಹಾಳಾದ ತುಂಡು ಯಾರ ಲೆಕ್ಕಕ್ಕೆ?

ಯಶವಂತಪುರದ ಮಸೀದಿಯೊಂದರಲ್ಲಿ ಇಶಾ ನಮಾಝ್ ಮುಗಿದ ಮೇಲೆ ಸಣ್ಣ ವರ್ಕ್‌ಶಾಪ್‌ನ ಮಾಲಕರೊಬ್ಬರು ನನ್ನನ್ನು ತಡೆದು ಕೇಳಿದರು: "ಹಝ್ರತ್, ಹೊಸದೇನಾದರೂ ಮಾಡದಿದ್ದರೆ ಇನ್ನು ಬದುಕಿಲ್ಲ ಎನ್ನುತ್ತಾರೆ. ನಮ್ಮ ಹುಡುಗರಲ್ಲಿ ತಲೆ ಓಡಿಸುವವರೇ ಇಲ್ಲ. ಏನು ಮಾಡಲಿ?"

ವಿಚಾರಿಸಿದಾಗ ಬೇರೆಯೇ ಸಂಗತಿ ಹೊರಬಿತ್ತು. ಲೇತ್ ನಡೆಸುವ ಹುಡುಗನೊಬ್ಬ ಕೆಲಸ ಬೇಗ ಸಾಗಲೆಂದು ತುಂಡನ್ನು ಹಿಡಿದಿಡುವ ಹೊಸ ಸಾಧನವೊಂದನ್ನು ತಾನೇ ಮಾಡಿದ್ದ. ಅದು ಜಾರಿ ಮೂರು ತುಂಡುಗಳು ಹಾಳಾದವು. ಅವುಗಳ ಬೆಲೆಯನ್ನು ಅವನ ಸಂಬಳದಿಂದ ಮುರಿಯಲಾಯಿತು. ಅಂದಿನಿಂದ ಅವನು ಹೇಳಿದಷ್ಟು ಮಾಡಿ ಮನೆಗೆ ಹೋಗುತ್ತಾನೆ.

ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ, ಮರುವರ್ಷ ಬಿಇಎಲ್ ಬಂದವು. 1970ರ ದಶಕದಲ್ಲಿ ಪೀಣ್ಯ ಬೆಳೆಯಿತು. ದೊಡ್ಡ ಕಾರ್ಖಾನೆಯ ನಕ್ಷೆ, ನಮ್ಮವರ ಕೈಕೆಲಸ. ಆಗ ಹೇಳಿದಂತೆ ಮಾಡುವುದೇ ದೊಡ್ಡ ಗುಣವಾಗಿತ್ತು. ಈಗ ವಿದ್ಯುತ್ ವಾಹನಗಳು ಬಂದಿವೆ. ಎಂಜಿನ್ನಿನ ಬಿಡಿಭಾಗ ಕಡೆಯುವವರಿಗೆ ಅವುಗಳಲ್ಲಿ ಕೆಲಸವಿಲ್ಲ.

ಹೊಸತೆಂದರೆ ಬಿದ್‌ಅತ್ ಎಂದು ಹೆದರುವವರು ನಮ್ಮಲ್ಲಿದ್ದಾರೆ. ಆ ಎಚ್ಚರಿಕೆ ಇರುವುದು ದೀನಿನ ವಿಷಯದಲ್ಲಿ. ಖರ್ಜೂರದ ಮರಗಳಿಗೆ ಪರಾಗ ಕಟ್ಟುವ ಬಗ್ಗೆ ಪ್ರವಾದಿ(ಸ)ರು ತಮ್ಮ ಅನಿಸಿಕೆ ಹೇಳಿದಾಗ ಮದೀನಾದವರು ಅದನ್ನು ಬಿಟ್ಟರು, ಫಸಲು ಕುಗ್ಗಿತು. ಇಂತಹ ಲೌಕಿಕ ವಿಷಯಗಳನ್ನು ನೀವೇ ಚೆನ್ನಾಗಿ ಬಲ್ಲಿರಿ ಎಂಬರ್ಥದಲ್ಲಿ ಅವರು ತಿಳಿಸಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ಕಸುಬನ್ನು ಕಸುಬುದಾರನ ತಿಳಿವಳಿಕೆಗೆ ಬಿಡುವುದು ಸಣ್ಣ ಮಾತಲ್ಲ. ಕಂದಕ ತೋಡುವ ಸಲಹೆಯೂ ಬಂದದ್ದು ಪರ್ಶಿಯಾದಿಂದ ಬಂದಿದ್ದ ಸಲ್ಮಾನ್(ರ)ರಿಂದ.

ಇನ್ನು ನಷ್ಟದ ಪ್ರಶ್ನೆ. ಒಬ್ಬರಲ್ಲೇ ಸಂಬಳಕ್ಕೆ ದುಡಿಯುವವನ ಕೈಯಲ್ಲಿರುವ ವಸ್ತು ಅಮಾನತ್. ಅತಿಕ್ರಮವೋ ನಿರ್ಲಕ್ಷ್ಯವೋ ಇಲ್ಲದೆ ಅದು ಹಾಳಾದರೆ ಅವನು ಬೆಲೆ ತೆರಬೇಕಾಗಿಲ್ಲ ಎಂಬುದು ನಾವು ಮದ್ರಸದಲ್ಲಿ ಓದಿದ ಫಿಕ್‌ಹ್.

"ಅವನು ನನ್ನನ್ನು ಕೇಳದೆ ಮಾಡಿದನಲ್ಲ?" ಎಂದರು ಮಾಲಕರು.

ಮಾತು ನಿಜ. ಅನುಮತಿಯಿಲ್ಲದೆ ಪರರ ಸೊತ್ತಿನ ಮೇಲೆ ಪ್ರಯೋಗ ಮಾಡುವ ಹಕ್ಕು ಯಾರಿಗೂ ಇಲ್ಲ. ಆದರೆ ಕೇಳಿದ್ದರೆ ಕೊಡುತ್ತಿದ್ದಿರಾ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲ" ಎಂದರು. ಆ ಪ್ರಾಮಾಣಿಕತೆ ನನಗೆ ಹಿಡಿಸಿತು. ತಲೆ ಓಡಿಸುವವರಿಲ್ಲ ಎಂಬ ದೂರು ಹುಟ್ಟಿದ್ದು ಇಲ್ಲಿಯೇ. ಪ್ರಯತ್ನದ ಲಾಭ ಅಂಗಡಿಗೆ, ನಷ್ಟ ಮಾತ್ರ ಹುಡುಗನಿಗೆ ಎಂದಾದರೆ ಬುದ್ಧಿಯುಳ್ಳವನೇ ಮೊದಲು ಬಾಯಿ ಮುಚ್ಚುತ್ತಾನೆ.

"ಸಡಿಲ ಬಿಟ್ಟರೆ ದಿನವೂ ಹಾಳು ಮಾಡುತ್ತಾರೆ" ಎಂಬ ಅವರ ಭಯವೂ ಸುಳ್ಳಲ್ಲ. ಸಾಲದ ಕಂತು ಅವರ ತಲೆಯ ಮೇಲಿದೆ. ಹಾಗಾದರೆ ಮಿತಿ ಹಾಕಿ ಎಂದೆ. ವಾರಕ್ಕೆ ಎರಡು ಗಂಟೆ, ಮೊದಲು ಗುಜರಿಯ ತುಂಡಿನ ಮೇಲೆ, ನಷ್ಟ ಅಂಗಡಿಯದು. ಫಲ ಸಿಕ್ಕರೆ ಹುಡುಗನಿಗೂ ಪಾಲಿರಲಿ.

ಮುರಿದ ಸಂಬಳದ ಮಾತನ್ನೂ ನಾನೇ ಎತ್ತಿದೆ. ಹುಡುಗನೊಡನೆ ಕುಳಿತು ಇತ್ಯರ್ಥ ಮಾಡಿಕೊಳ್ಳುವುದಾಗಿ ಅವರು ಹೇಳಿದ್ದಾರೆ.