ಬಡಿಗೆಯಿಲ್ಲದ ಮರ್ಯಾದೆ

ನಾಯಿ ಮನುಷ್ಯನ ಮಾತು ಕೇಳುವುದು ಅಂಜಿಕೆಗೆ, ಇಲ್ಲವೇ ನಂಬಿಕೆಗೆ. ಮೇಲ್ನೋಟಕ್ಕೆ ಎರಡೂ ಒಂದೇ: ಕರೆದರೆ ಬರುತ್ತದೆ, ಗದರಿದರೆ ಕೂರುತ್ತದೆ. ಬಡಿಗೆ ಹಿಡಿದವನು ಮರೆಯಾದಾಗಲೇ ವ್ಯತ್ಯಾಸ ಬಯಲಾಗುವುದು. ವಿಜಯಪುರ ಜಿಲ್ಲೆಯ ತಿಕೋಟಾ ಸುತ್ತಲಿನ ದ್ರಾಕ್ಷಿ ತೋಟದಲ್ಲಿ ಕಾವಲಿರುವ ನಾಯಿ ಮಾಲೀಕ ಮಲಗಿದ ಮೇಲೆಯೇ ಕೆಲಸ ಮಾಡಬೇಕು. ಏಟಿನ ಭಯ ಆ ಹೊತ್ತಿಗೆ ಉಪಯೋಗಕ್ಕೆ ಬರುವುದಿಲ್ಲ. ಬಬಲೇಶ್ವರ ಕಡೆಯ ಹೊಲಗಳಲ್ಲಿ ಕುರಿ ತರುಬುವವರ ನಾಯಿಯದೂ ಇದೇ ಮಾತು.

ಹೊಡೆದು ಗಳಿಸಿದ್ದು ಮರ್ಯಾದೆಯೇ ಎಂಬ ಪ್ರಶ್ನೆಯನ್ನು ಮಹಾಭಾರತ ಆದಿಪರ್ವದಲ್ಲೇ ಎತ್ತುತ್ತದೆ. ಅರಸ ಜನಮೇಜಯ ಕುರುಕ್ಷೇತ್ರದಲ್ಲಿ ಯಾಗ ನಡೆಸುತ್ತಿದ್ದಾಗ ಅಲ್ಲಿಗೆ ಬಂದ ನಾಯಿಯೊಂದನ್ನು ಅವನ ತಮ್ಮಂದಿರಾದ ಶ್ರುತಸೇನ, ಉಗ್ರಸೇನ, ಭೀಮಸೇನ ಹೊಡೆದಟ್ಟಿದರು. ಅದು ಹವಿಸ್ಸಿಗೆ ಬಾಯಿ ಹಾಕಿರಲಿಲ್ಲ, ಅದರತ್ತ ನೋಡಿಯೂ ಇರಲಿಲ್ಲ. ತಾಯಿ ಸರಮೆ ಬಂದು, ನನ್ನ ಮಗ ಮಾಡಿದ ತಪ್ಪೇನು ಎಂದು ಕೇಳಿದಳು. ಯಾರೂ ಬಾಯಿ ಬಿಡಲಿಲ್ಲ. ಕಾಣದ ಭಯವೊಂದು ನಿನಗೆ ಬಂದೆರಗಲಿ ಎಂದು ಅವಳು ಅರಸನನ್ನು ಶಪಿಸಿದಳು. ಪೆಟ್ಟು ತಿಂದದ್ದು ನಾಯಿ, ಕಂಗೆಟ್ಟು ಶಾಪ ಕಳೆಯಬಲ್ಲ ಪುರೋಹಿತನನ್ನು ಹುಡುಕುತ್ತ ಹೊರಟವನು ಜನಮೇಜಯ. ಅದೇ ಕಾವ್ಯದ ಮಹಾಪ್ರಸ್ಥಾನಿಕ ಪರ್ವದಲ್ಲಿ ನಾಯಿಯೊಂದು ತಾನಾಗಿಯೇ ಧರ್ಮರಾಯನ ಬೆನ್ನು ಹತ್ತಿ ನಡೆಯುತ್ತದೆ. ಅದನ್ನು ಬಿಟ್ಟು ಸ್ವರ್ಗಕ್ಕೂ ಬರಲೊಲ್ಲೆ ಎನ್ನುತ್ತಾನೆ ಅವನು. ಇಂಥ ನಂಟನ್ನು ಬಲದಿಂದ ಪಡೆಯಲಾಗದು.

ವಿಜಯಪುರ ಜಿಲ್ಲೆಯ ಬಾಗೇವಾಡಿಯ ಬಸವಣ್ಣ 12ನೆಯ ಶತಮಾನದಲ್ಲಿ ದಯೆಯನ್ನು ಧರ್ಮದ ಬುಡದಲ್ಲಿಟ್ಟರು. ಆ ದಯೆ ಮನುಷ್ಯರಿಗಷ್ಟೇ ಮೀಸಲಾಗಿರಲಿಲ್ಲ. ಪ್ರಾಣಿಗೆ ಪೆಟ್ಟಿನ ಹೊರತು ಬೇರೇನೂ ತಿಳಿಯದು ಎನ್ನುವವರು ಈ ನೆಲದಲ್ಲಿ ನಿಂತು ಆ ಮಾತು ಆಡುವುದು ಸಲ್ಲದು.

ಅಂಥವರು ತೋಳಗಳ ಉದಾಹರಣೆ ಕೊಡುವುದುಂಟು: ಹಿಂಡಿನಲ್ಲಿ ಬಲಿಷ್ಠನೇ ಯಜಮಾನ, ಮನೆಯಲ್ಲಿ ಮನುಷ್ಯ ಹಾಗಿರಬೇಕು ಎಂದು. ಈ ಕಲ್ಪನೆ ಮುಖ್ಯವಾಗಿ ಹುಟ್ಟಿದ್ದು ಸೆರೆಯಲ್ಲಿದ್ದ ತೋಳಗಳ ಅಧ್ಯಯನದಿಂದ. ಸಂಶೋಧಕ ರುಡಾಲ್ಫ್ ಶೆಂಕೆಲ್ ಅದನ್ನು 1947ರಲ್ಲಿ ಪ್ರಕಟಿಸಿದರು. ತಮ್ಮ 1970ರ ಪುಸ್ತಕದಲ್ಲಿ ಅದನ್ನು ಹರಡಿದ್ದ ತೋಳ ತಜ್ಞ ಡೇವಿಡ್ ಮೆಕ್ ಅವರೇ 1999ರಲ್ಲಿ ತಿದ್ದಿದರು: ಕಾಡಿನ ತೋಳದ ಹಿಂಡು ಸಾಮಾನ್ಯವಾಗಿ ತಂದೆ, ತಾಯಿ, ಮಕ್ಕಳ ಸಂಸಾರ.

ಬಡಿಗೆಯ ಜಾಗದಲ್ಲಿ ಬರಬೇಕಾದದ್ದು ಹೊತ್ತರಿತ ನಡೆ. ರೊಟ್ಟಿ ಕಂಡು ಮೈಮೇಲೆ ಹಾರುವ ನಾಯಿಯನ್ನು ಒದೆಯುವ ಬದಲು ಬೆನ್ನು ತಿರುಗಿಸಿ ಸುಮ್ಮನೆ ನಿಲ್ಲಬೇಕು. ನಾಲ್ಕೂ ಕಾಲು ನೆಲಕ್ಕೂರಿದ ಕ್ಷಣದಲ್ಲೇ ತುಣುಕು ಕೊಡಬೇಕು. ತಡವಾದರೆ ಅದು ಯಾವುದಕ್ಕೆ ಸಿಕ್ಕಿತೆಂದು ನಾಯಿಗೆ ತಿಳಿಯದು. ಮನೆಮಂದಿಯೆಲ್ಲ ಒಂದೇ ಮಾತಿನಿಂದ ಕರೆಯಬೇಕು. ತಡವಾಗಿ ಬಂದಿತೆಂದು ಹೊಡೆಯುವುದು ಎಲ್ಲಕ್ಕಿಂತ ಕೆಟ್ಟದ್ದು: ಹತ್ತಿರ ಹೋದರೆ ಪೆಟ್ಟು ಎಂಬುದನ್ನೇ ಅದು ಕಲಿಯುತ್ತದೆ. ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಅಪರಿಚಿತರ ಕೈ ಸೋಕುವುದನ್ನೇ ಒಲ್ಲದ ತಳಿ. ಬೇಟೆಯಲ್ಲಿ ಗಟ್ಟಿಯಾದರೂ ಒರಟುತನಕ್ಕೆ ಮುದುಡುತ್ತದೆ. ಮೊದಲೇ ಏಟು ತಿಂದ ನಾಯಿಗೆ ಬಹಳ ದಿನ ಬೇಕು. ಅದಾಗಿ ಹತ್ತಿರ ಬರುವವರೆಗೆ ಕೈ ಚಾಚಬಾರದು.

ಹಾಗಾದರೆ ಹಗ್ಗವೂ ಹಿಂಸೆಯೇ? ವಿಜಯಪುರದ ಗಾಂಧಿ ಚೌಕದಂಥ ವಾಹನ ದಟ್ಟಣೆಯಲ್ಲಿ ಹಗ್ಗ ನಾಯಿಯ ಜೀವ ಕಾಯುತ್ತದೆ. ಅದು ನಾಯಿಯ ಹಿತಕ್ಕಾಗಿಯೇ ಇರುವ ತಡೆ. ಅದೇ ಹಗ್ಗದಿಂದ ಕುತ್ತಿಗೆ ಜಗ್ಗಿ ಪಾಠ ಕಲಿಸಹೊರಟರೆ ಅದೂ ಬಡಿಗೆಯೇ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಮು ನೋವಾಗುವಂತೆ ಹೊಡೆಯುವುದರ ಜೊತೆಗೆ, ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ಮಿತಿಮೀರಿದ ಹೊತ್ತು ಕಟ್ಟಿಹಾಕುವುದನ್ನೂ ಅಪರಾಧವೆಂದೇ ಎಣಿಸುತ್ತದೆ.